ಒಂದು ಕಲ್ಲು ಕಮ್ಮಿ

ಟೈಲ್ಸ್ ಮೇಸ್ತ್ರಿಗೆ ನೆಲದ ವಿಷಯದಲ್ಲಿ ಯಾರ ಭಯವೂ ಇರಲಿಲ್ಲ. ರಸಮಟ್ಟ ಇಡುವ ಮೊದಲೇ ಕಣ್ಣಲ್ಲೇ ಓರೆ ಹಿಡಿಯುವ ಮನುಷ್ಯ. ಅಂಥವನು, ಹದಿಮೂರು ವರ್ಷದ ಮಗಳು ಗಣಿತದ ಪುಸ್ತಕ ತೆರೆದರೆ ಸಾಕು, ನೀರು ಕುಡಿಯುವ ನೆಪದಲ್ಲಿ ಎದ್ದು ಹೋಗುತ್ತಿದ್ದ.

ಆರು ತಿಂಗಳಿಗೊಂದು ಕಟ್ಟಡ, ಕಟ್ಟಡಕ್ಕೊಂದು ಊರು. ಹೀಗಾಗಿ ಮಗಳನ್ನು ಮನೆಯಲ್ಲೇ ಓದಿಸುತ್ತಿದ್ದರು. ಹೆಂಡತಿ ಉಳಿದ ಪಾಠಗಳನ್ನೆಲ್ಲ ತಾನು ಹೊತ್ತುಕೊಂಡು, ಅಳತೆ ನಿಮ್ಮ ಕೆಲಸ ತಾನೆ ಎಂದು ಗಣಿತವನ್ನು ಇವನ ಕೊರಳಿಗೆ ಕಟ್ಟಿದ್ದಳು. ಇವನೂ ಮೀಸೆ ತಿರುವಿ ಒಪ್ಪಿಕೊಂಡಿದ್ದ. ಈಗ ಶಿಕ್ಷಣ ಕಚೇರಿಯಿಂದ ಕಾಗದ ಬಂದಿತ್ತು. ಸೋಮವಾರ ಅಧಿಕಾರಿ ಬಂದು ಮಗುವನ್ನು ಪರೀಕ್ಷಿಸುತ್ತಾರೆ, ತೃಪ್ತಿಯಾಗದಿದ್ದರೆ ಹಾಸ್ಟೆಲಿಗೆ ಕಳಿಸಬೇಕು. ಮಗಳಿಲ್ಲದ ಮನೆಯನ್ನು ನೆನೆದರೇ ಮೇಸ್ತ್ರಿಗೆ ಊಟ ಸೇರುತ್ತಿರಲಿಲ್ಲ.

ಅವಳು ಮುಗ್ಗರಿಸುತ್ತಿದ್ದುದು ಅಪವರ್ತನದಲ್ಲಿ. x² + 5x + 6 ಎಂಬುದನ್ನು ಎರಡು ಕಂಸಗಳ ಗುಣಲಬ್ಧವಾಗಿ ಬಿಡಿಸಬೇಕು. ಮೇಸ್ತ್ರಿ ಗಂಟಲು ಸರಿಮಾಡಿಕೊಂಡು, ಈ ಎಕ್ಸ್ ಅಂದರೆ ಎಷ್ಟು ಎಂದು ಕೇಳಿದ. ಎಷ್ಟು ಬೇಕಾದರೂ ಇರಬಹುದು ಎಂದಳು ಮಗಳು. ಅವನಿಗೆ ಮೈ ಉರಿಯಿತು. ಅಳತೆ ಕೇಳಿದರೆ ಎಷ್ಟಾದರೂ ಆಗಲಿ ಎನ್ನುವ ಮನೆ ಮಾಲೀಕರು ಕೊನೆಗೆ ಎಷ್ಟು ಗೋಳು ಹೊಯ್ದುಕೊಳ್ಳುತ್ತಾರೆಂಬುದು ಅವನಿಗೆ ಗೊತ್ತಿತ್ತು.

ಎಕ್ಸ್ ಸ್ಕ್ವೇರ್ ಅಂದರೆ ಎಕ್ಸ್ ಉದ್ದ, ಎಕ್ಸ್ ಅಗಲ ಎಂದು ಮಗಳು ಬಿಡಿಸಿ ಹೇಳಿದಾಗ ಮಾತ್ರ ಅವನ ಕಿವಿ ನೆಟ್ಟಗಾಯಿತು. ಹಾಗಾದರೆ ಅದು ದೊಡ್ಡ ಚೌಕದ ಕಲ್ಲು. 5x ಅಂದರೆ ಅಷ್ಟೇ ಉದ್ದದ, ಒಂದು ಅಗಲದ ಐದು ಪಟ್ಟಿ. ಆರು ಅಂದರೆ ಆರು ಚಿಕ್ಕ ಚೌಕ. ಉಳಿಕೆ ಟೈಲ್ಸ್ ಕೊಯ್ದು ಅಡುಗೆಮನೆಯ ನೆಲದಲ್ಲಿ ಹರಡಿದ. ಎಲ್ಲ ಸೇರಿ ಸಂದಿಲ್ಲದ ಒಂದು ಆಯತ ಆಗಬೇಕು, ಅಷ್ಟೇ. ಬಲಕ್ಕೆ ಮೂರು ಪಟ್ಟಿ, ಕೆಳಗೆ ಎರಡು, ಮೂಲೆಗೆ ಚಿಕ್ಕವು ಆರು. ಅಚ್ಚುಕಟ್ಟಾಗಿ ಕೂತಿತು. ಒಂದು ಬದಿ x + 3, ಇನ್ನೊಂದು x + 2. ಮಗಳು ಪುಸ್ತಕದ ಹಿಂದಿದ್ದ ಉತ್ತರ ನೋಡಿದಳು, ಅಪ್ಪನನ್ನೂ ನೋಡಿದಳು.

ಮರುದಿನ ಅವಳು ಬೇಕೆಂದೇ x² + 5x + 5 ಕೊಟ್ಟಳು. ಮೂಲೆಯಲ್ಲಿ ಒಂದು ಕಲ್ಲಿನ ಜಾಗ ಖಾಲಿ ಉಳಿಯಿತು. ಮೇಸ್ತ್ರಿ ಹಿಂದೆ ಮುಂದೆ ನೋಡದೆ ಒಂದು ತುಂಡು ಕೊಯ್ದು, ವೈಟ್ ಸಿಮೆಂಟ್ ಕಲಸಿ, ಅಂಟಿಸಿಯೇಬಿಟ್ಟ.

"ಅಪ್ಪ, ತುಂಡು ಹಾಕೋ ಹಾಗಿಲ್ಲ. ಕೂರದಿದ್ರೆ ಕೂರಲ್ಲ ಅಂತ ಬರೀಬೇಕು."

ಮೂವತ್ತು ವರ್ಷದಲ್ಲಿ ಒಂದು ನೆಲವನ್ನೂ ಕೂರಲ್ಲ ಎಂದು ಬಿಟ್ಟು ಬಂದವನಲ್ಲ ಅವನು. ಅಪ್ಪ ಮಗಳು ಸಂಜೆಯವರೆಗೆ ಮಾತು ಬಿಟ್ಟರು.

ಸೋಮವಾರ ಅಧಿಕಾರಿ ಬಂದರು. ಹಾಳೆಯ ಮೇಲೆ x² + 7x + 11 ಎಂದು ಗೀಚಿ ಮಗಳ ಮುಂದಿಟ್ಟರು. ಅವಳು ನೋಡಿದಳು. ನೋಡುತ್ತಲೇ ಇದ್ದಳು. ನೆಲದ ಮೇಲೆ ಬೆರಳಿನಿಂದ ಏನೋ ಜೋಡಿಸಿದಳು, ಅಳಿಸಿದಳು. ಅಧಿಕಾರಿಯ ಪೆನ್ನು ಫಾರಂ ಕಡೆ ಸರಿಯಿತು. ಬಾಗಿಲ ಬಳಿ ನಿಂತಿದ್ದ ಮೇಸ್ತ್ರಿ ಚೌಕಟ್ಟನ್ನು ಹಿಡಿದುಕೊಂಡ.

"ಇದು ಕೂರಲ್ಲ ಸರ್," ಎಂದಳು ಮಗಳು. "ಮೂರು ನಾಲ್ಕು ಮಾಡಿಟ್ರೆ ಒಂದು ಕಲ್ಲು ಕಮ್ಮಿ. ಎರಡು ಐದು ಮಾಡಿದ್ರೆ ಒಂದು ಜಾಸ್ತಿ. ಒಂದು ಆರು ಮಾಡಿದ್ರಂತೂ ಐದು ಮಿಕ್ಕುತ್ತೆ."

ಅಧಿಕಾರಿ ಕನ್ನಡಕ ಏರಿಸಿ ಹಾಳೆಯನ್ನು ನೋಡಿದರು. ಹನ್ನೆರಡು ಬರೆಯಬೇಕಿದ್ದ ಕಡೆ ಹನ್ನೊಂದು ಬರೆದಿದ್ದರು. ಮೆಲ್ಲಗೆ ತಿದ್ದಿದರು. ತಿದ್ದಿ ಮುಗಿಸುವಷ್ಟರಲ್ಲಿ ಅವಳು (x + 3)(x + 4) ಎಂದುಬಿಟ್ಟಳು.

ಮನೆಯಲ್ಲೇ ಓದಬಹುದು ಎಂದು ಬರೆದು ಅಧಿಕಾರಿ ಸಹಿ ಹಾಕಿದರು. ಎದ್ದವರು, ಗಣಿತ ಹೇಳಿಕೊಟ್ಟವರು ಯಾರು ಎಂದು ಕೇಳಿದರು. ಮಗಳು ಬಾಗಿಲ ಕಡೆ ಕೈ ತೋರಿಸಿದಳು. ನೀವು ಎಲ್ಲಿವರೆಗೆ ಓದಿದ್ದೀರಿ ಎಂದು ಅವರು ಮೇಸ್ತ್ರಿಯನ್ನು ಕೇಳಿದರು.

ಇಷ್ಟು ದಿನ ಮಗಳಿಂದ ಮುಚ್ಚಿಟ್ಟದ್ದು ಅದೊಂದೇ. ಈಗ ಸಂತೋಷಕ್ಕೆ ಬಾಯಿ ಜಾರಿತು.

"ಎಕ್ಸ್ ಬರೋ ತನಕ ಸರ್. ಅದು ಬಂತು, ನಾನು ಹೊರಟೆ."