ಸಾರು ಅಂದರೆ ಸಾಕು

ವಡೋದರಾದ ವಿಮಾ ಕಚೇರಿಯೊಂದರಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾದಾಗ ನನ್ನ ಬಳಿ ಉಳಿದ ಆಸ್ತಿ ಎರಡು: ಮಂಜಲ್‌ಪುರದ ಎರಡು ಕೋಣೆಯ ಮನೆ, ಮತ್ತು ಇನ್ನೊಬ್ಬರ ಕಾಲೆಳೆಯುವ ಚಟ. ಮನೆಯಲ್ಲಿ ಕಾಲೆಳೆಸಿಕೊಳ್ಳಲು ಹೆಂಡತಿಯೊಬ್ಬಳೇ ಇದ್ದಳು. ಅವಳೂ ಬೇಸತ್ತು, "ಹೊರಗೆಲ್ಲಾದ್ರೂ ಹೋಗಿ ಬೇರೆಯೋರ ತಲೆ ತಿನ್ನಿ" ಎಂದಳು. ಹಾಗೆ ನಾನು ಹತ್ತಿರದ ಕಮ್ಯುನಿಟಿ ಕಾಲೇಜಿನ ವಿದ್ಯಾರ್ಥಿ ಸಹಾಯ ಕೇಂದ್ರ ಸೇರಿದೆ. ಸಂಬಳವಿಲ್ಲ, ಚಹಾ ಉಂಟು.

ಕೇಂದ್ರವೆಂದರೆ ಒಂದು ಉದ್ದನೆಯ ಕೋಣೆ. ಒಂದು ಮೂಲೆಯಲ್ಲಿ ಎರವಲು ಪುಸ್ತಕಗಳ ಕಪಾಟು. ಇನ್ನೊಂದರಲ್ಲಿ ಪರದೆಯ ಹಿಂದೆ ಕೇಂದ್ರದ ಮುಖ್ಯಸ್ಥೆ ಕೂತು ವಿದ್ಯಾರ್ಥಿಗಳ ಕಷ್ಟಸುಖ ಕೇಳುತ್ತಿದ್ದರು. ಅವರನ್ನು ಎಲ್ಲರೂ ಬೆನ್, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದರು. ಬಾಗಿಲ ಬಳಿ ನನ್ನ ಮೇಜು. ಬಸ್ ಪಾಸು, ವಿದ್ಯಾರ್ಥಿವೇತನ, ಬ್ಯಾಚ್ ಬದಲಾವಣೆ, ಯಾವ ಫಾರ್ಮ್ ಇದ್ದರೂ ತುಂಬಿಕೊಡುವುದು ನನ್ನ ಕೆಲಸ. ಫಾರ್ಮ್ ತುಂಬುವುದರಲ್ಲಿ ನನ್ನನ್ನು ಮೀರಿಸುವವರು ಅಹಮದಾಬಾದಿನಿಂದ ಸೂರತ್ತಿನವರೆಗೆ ಯಾರೂ ಇಲ್ಲ. ಅನುಮಾನವಿದ್ದವರು ಹುಡುಕಿ ನೋಡಬಹುದು.

ಒಂದು ದಿನ ಪೆನ್ನು ಕೈಕೊಟ್ಟಿತು. "ಹಾಳಾದ್ದು, ಇದರ ಮನೆ ಕಾಯ್ವಾಗ" ಎಂದು ಗೊಣಗಿದೆ. ಸಾಲಿನಲ್ಲಿದ್ದ ಹೆಂಗಸೊಬ್ಬಳು ಬೆಚ್ಚಿ ತಲೆ ಎತ್ತಿದಳು.

"ಅಯ್ಯ! ಕನ್ನಡದೋರೇನ್ರಿ?"

ಗದಗಿನವಳು. ರೈಲ್ವೆಯ ಗಂಡನಿಗೆ ವರ್ಗವಾಗಿ ಬಂದು ಒಂದು ವರ್ಷವಾಗಿತ್ತು. ಪಿಯುಸಿ ಮುಗಿಯುತ್ತಲೇ ಮದುವೆಯಾದವಳು, ಮೂವತ್ತೈದರ ಹತ್ತಿರ ಬಂದ ಮೇಲೆ ಲ್ಯಾಬ್ ಟೆಕ್ನಿಷಿಯನ್ ಕೋರ್ಸಿಗೆ ಸೇರಿದ್ದಳು.

"ಗುಜರಾತಿ ಒಂಚೂರೂ ಬರಂಗಿಲ್ರಿ ಕಾಕಾರ."

"ಒಂದೇ ಪದ ಸಾಕಮ್ಮ. ಸಾರು."

"ಊಟದ್ದೇನ್ರಿ?"

"ನಮಗೆ ಊಟದ್ದು. ಇವರಿಗೆ 'ಒಳ್ಳೇದು, ಆಗಲಿ' ಅಂತ. ಯಾರು ಏನು ಕೇಳಿದ್ರೂ ಸಾರು ಅನ್ನು. ಮೂವತ್ತು ವರ್ಷ ನಾನು ಸಾರಲ್ಲೇ ಈಜಿದೀನಿ."

ಪರೀಕ್ಷೆಗೆಂದು ಅವಳನ್ನು ಗೇಟಿನ ಚಹಾದವನ ಬಳಿ ಕಳಿಸಿದೆ. ಅವನು ಕೇಳಿದ್ದಕ್ಕೆಲ್ಲ ಸಾರು ಎಂದು, ಒಂದು ಚಹಾಕ್ಕೆ ಹೋದವಳು ಮೂರು ಚಹಾ, ಒಂದು ಪೊಟ್ಟಣ ಗಾಂಠಿಯಾ ಕುರುಕಲು ಹಿಡಿದು ಬಂದಳು. ನಾನು ಕೆಮ್ಮು ಬರುವವರೆಗೂ ನಕ್ಕೆ. ಅವಳೂ ನಕ್ಕಳು.

ವಾರದ ಮೇಲೆ ಅವಳಿಗೆ ಬ್ಯಾಚ್ ಬದಲಾಯಿಸಬೇಕಾಯಿತು. ಲ್ಯಾಬ್ ಮಧ್ಯಾಹ್ನ, ಮಗಳ ಶಾಲೆ ಬಿಡುವುದೂ ಆಗಲೇ. ಬೆಳಗಿನ ಬ್ಯಾಚ್ ಬೇಕೆಂದು ಫಾರ್ಮ್ ತುಂಬಿಕೊಟ್ಟೆ. ನೋಂದಣಿ ಕೌಂಟರಿಗೆ ಜೊತೆಯಲ್ಲಿ ಹೋಗಬೇಕಿತ್ತು. ಆದರೆ ಆಗಷ್ಟೇ ಬಿಸಿ ಚಹಾ ಬಂದಿತ್ತು. "ಹೋಗಮ್ಮ, ಸಾರು ಅಂದ್ಬಿಡು" ಎಂದೆ.

ಎರಡು ದಿನ ಬಿಟ್ಟು ಬಂದು ನನ್ನ ಮೇಜಿನ ಮುಂದೆ ನಿಂತಳು. "ಕಾಕಾರ, ಯಾವ ಪಟ್ಟಿಯೊಳಗೂ ನನ್ನ ಹೆಸರಿಲ್ರಿ."

ಸಾಲಿನಲ್ಲಿ ಅವಳ ಹಿಂದೆ ನಿಂತಿದ್ದ ಸಹಪಾಠಿ ಆಮೇಲೆ ಹಿಂದಿಯಲ್ಲಿ ಬಿಡಿಸಿ ಹೇಳಿದಂತೆ, ನಡೆದದ್ದು ಇಷ್ಟು. ಬೆಳಗಿನ ಬ್ಯಾಚ್ ತುಂಬಿತ್ತು. ಮಧ್ಯಾಹ್ನದ ಪಟ್ಟಿಯಿಂದ ಹೆಸರು ತೆಗೆಯಲೇ ಎಂದು ಗುಮಾಸ್ತ ಗುಜರಾತಿಯಲ್ಲಿ ಕೇಳಿದ್ದ. ಸಾರು. ಸೀಟು ಸಿಗುವ ಭರವಸೆಯಿಲ್ಲ, ಪರವಾಗಿಲ್ಲವೇ? ಸಾರು.

"ಸಾರಿಗೆ ಉಪ್ಪು ಜಾಸ್ತಿಯಾಯ್ತು ಅನ್ನು" ಎಂದೆ, ಅಭ್ಯಾಸಬಲದಿಂದ.

ಅವಳು ನಗಲಿಲ್ಲ. "ನಾಳಿಗೆ ಲ್ಯಾಬ್ ಶುರು ಆಗ್ತದ್ರಿ. ಅತ್ತಿಯವ್ರು ಮೊದ್ಲ 'ಈ ವಯಸ್ನ್ಯಾಗ ಇದೆಲ್ಲ ಎದಕ್ಕ' ಅಂತಿದ್ರು. ಈಗ ಸೀಟು ಹೋತಂದ್ರ ಮತ್ತ ಯಾರೂ ಕಳಸಂಗಿಲ್ರಿ."

ಕುರ್ಚಿಯಿಂದ ಎದ್ದೆ. ದಾರಿಯುದ್ದಕ್ಕೂ ತಲೆಯಲ್ಲಿ ಸಬಬುಗಳು ಸಾಲುಗಟ್ಟಿದವು: ಅವಳಿಗೆ ಭಾಷೆ ಬರದು, ಗುಮಾಸ್ತನಿಗೆ ಅವಸರ. ಕೌಂಟರಿನ ಎದುರು ಅವಳ ಮುಖ ನೋಡಿದಾಗ ಒಂದೂ ಬಾಯಿಗೆ ಬರಲಿಲ್ಲ. ಹಿಂದಿ ಗುಜರಾತಿ ಬೆರೆಸಿ, "ತಪ್ಪು ನನ್ನದು. ಏನು ಕೇಳಿದರೂ ಸಾರು ಅನ್ನು ಅಂತ ಇವಳಿಗೆ ಕಲಿಸಿದ ಮೂರ್ಖ ನಾನೇ" ಎಂದೆ. ಸಾಲಿನಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಜೀವಮಾನವಿಡೀ ಜನರನ್ನು ನಗಿಸಿದ್ದೇನೆಂದು ಬೀಗುವ ನನಗೆ ಆ ನಗು ಮಾತ್ರ ರುಚಿಸಲಿಲ್ಲ.

ಗುಮಾಸ್ತ ಕಂಪ್ಯೂಟರ್ ನೋಡುತ್ತ ಒಂದೇ ಉಸಿರಿನಲ್ಲಿ ಏನೋ ಉದ್ದಕ್ಕೆ ಹೇಳಿದ.

"ಸಾರು, ಸಾರು" ಎಂದು ಕೈಮುಗಿದು ಹೊರಟೆ.

"ಏನಂದ್ರಿ ಅವ್ರು?" ಅವಳು ಕೇಳಿದಳು.

"ಆಗತ್ತಂತೆ."

"ಏನ ಆಗ್ತದಂತ?"

ನನಗೆ ಗೊತ್ತಿರಲಿಲ್ಲ. ಕಚೇರಿಯಲ್ಲಿ ಇಂಗ್ಲಿಷು, ಸಂತೆಯಲ್ಲಿ ಹಿಂದಿ, ಮನೆಯಲ್ಲಿ ಕನ್ನಡ. ಗುಜರಾತಿಯಲ್ಲಿ ನನಗಿದ್ದದ್ದು ನಾಲ್ಕು ಜೋಕು ಮತ್ತು ಆ ಒಂದು ಪದ. ಉಳಿದದ್ದಕ್ಕೆ ತಲೆಯಾಡಿಸುತ್ತ ಬಂದಿದ್ದೆ. ನೆರೆಯವರು ಅವರ ತಾಯಿ ತೀರಿಕೊಂಡ ಸುದ್ದಿ ಹೇಳಿದಾಗಲೂ ಸಾರು ಎಂದಿರಬಹುದು, ಯಾರಿಗೆ ಗೊತ್ತು. ಅವಳಿಗೆ ನಾನು ಕಲಿಸಿದ್ದು ಗುಜರಾತಿಯಲ್ಲ, ಅರ್ಥವಾಗಲಿಲ್ಲ ಎಂಬುದನ್ನು ಮುಚ್ಚಿಡುವ ನನ್ನ ಹಳೆಯ ವಿದ್ಯೆ.

ಅವಳು ತಿರುಗಿ ಕೌಂಟರಿಗೆ ಹೋಗಿ, ಪರದೆಯ ಹಿಂದೆ ಬೆನ್ ಹಿಂದಿನ ದಿನ ಕಲಿಸಿದ್ದನ್ನು ಬಿಡಿಬಿಡಿಯಾಗಿ ಹೇಳಿದಳು: "ಮನೆ ಸಮಜಾಯುಂ ನಹೀಂ." ಅಂದರೆ, ನನಗೆ ಅರ್ಥವಾಗಲಿಲ್ಲ ಎಂದು.

ಗುಮಾಸ್ತ ತಲೆ ಎತ್ತಿದ. ಈ ಸಲ ಹಿಂದಿಯಲ್ಲಿ ನಿಧಾನವಾಗಿ ಹೇಳಿದ. ಮಧ್ಯಾಹ್ನದ ಸೀಟು ಇನ್ನೂ ಖಾಲಿಯಿದೆ. ಆದರೆ ಕೌಂಟರ್ ಮುಚ್ಚುವುದರೊಳಗೆ ಬೆನ್ ಸಹಿ ಬೇಕು. ಇಲ್ಲವಾದರೆ ನಾಳೆ ಬೆಳಗ್ಗೆ ಅದು ಬೇರೆಯವರಿಗೆ.

ಮುಚ್ಚಲು ಹದಿನೈದು ನಿಮಿಷವಿತ್ತು. ನಾನು ಓಡಿದೆ. ಎಪ್ಪತ್ತೊಂದರ ವಯಸ್ಸಿನಲ್ಲಿ ಹಾಗೆ ಓಡಿದವರನ್ನು ಆ ಕಾಲೇಜು ಕಂಡಿರಲಿಕ್ಕಿಲ್ಲ. ಅವಳು ಮಾತ್ರ ನನಗಿಂತ ಮೊದಲೇ ತಲುಪಿ ಸಹಿ ಹಾಕಿಸಿಕೊಂಡಿದ್ದಳು.

ಹೆಸರು ಮಧ್ಯಾಹ್ನದ ಪಟ್ಟಿಗೆ ಮರಳಿತು. ಶಾಲೆ ಬಿಟ್ಟ ಮಗಳನ್ನು ಕರೆತಂದು ಅಮ್ಮ ಬರುವವರೆಗೆ ಕೇಂದ್ರದಲ್ಲಿ ಕೂರಿಸಿಕೊಳ್ಳುವ ಕೆಲಸವನ್ನು ನಾನೇ ಕೇಳಿ ಪಡೆದೆ. ಒಂದೇ ವರ್ಷದಲ್ಲಿ ಗುಜರಾತಿಯನ್ನು ನೀರು ಕುಡಿದಂತೆ ಕಲಿತ ಹುಡುಗಿ ಅದು. ದಾರಿಯುದ್ದಕ್ಕೂ ಅದರಲ್ಲೇ ಪಟಪಟ ಎನ್ನುತ್ತಿತ್ತು. ಮೂರು ದಿನ ನಾನು ಸಾರು ಎನ್ನುತ್ತ ನಡೆದೆ. ನಾಲ್ಕನೆಯ ದಿನ ಅದು ನಡುರಸ್ತೆಯಲ್ಲಿ ನಿಂತು, ಸೊಂಟದ ಮೇಲೆ ಕೈಯಿಟ್ಟು ನನ್ನನ್ನು ನೋಡಿತು.

ಗಂಟಲು ಸರಿಮಾಡಿಕೊಂಡೆ. "ಮನೆ ಸಮಜಾಯುಂ ನಹೀಂ."

"ದಿನಾ ಕುಲ್ಫಿ ಕೊಡಸ್ತೀರೇನು ಅಂತ ಕೇಳಾಕತ್ತೀನಿ ಅಜ್ಜಾ. ಮೂರು ದಿನಾ ಸಾರು ಅಂದೀರಿ, ಒಂದೂ ಕೊಡಸಿಲ್ಲ."

ಕುಲ್ಫಿ ಗಾಡಿ ಎದುರಿಗೇ ನಿಂತಿತ್ತು. ಬಾಕಿ ಮೂರು, ಅವತ್ತಿನದೊಂದು.