ಸ್ವೆಟರ್ ಅಂಗಡಿಯಲ್ಲಿ ಚೀನೀ ಮಾತು

ಎಂ.ಎ. ಸೇರುವ ಮುಂಚೆ ಒಂದು ವರ್ಷ ಚೀನಾದಲ್ಲಿದ್ದು ಅಲ್ಲಿನ ಭಾಷೆ ಕಲಿತು ಬಂದೆ. ಹೊಸಪೇಟೆಯ ನಮ್ಮ ಚಿತ್ತವಾಡ್ಗಿಯಲ್ಲಿ ಅದನ್ನು ಆಡಿಸಿ ನೋಡುವವರೇ ಇರಲಿಲ್ಲ. ಅವ್ವನಿಗೆ ಅದೇ ಕೊರಗು.

ಚಳಿಗಾಲಕ್ಕೆ ಟಿಬೆಟಿನವರು ಹೊಸಪೇಟೆಗೆ ಬಂದು ಸ್ವೆಟರ್ ಅಂಗಡಿ ಹಾಕಿದ್ದರು. ಒಂದೇ ರೇಟು, ಚೌಕಾಸಿ ಇಲ್ಲ ಅಂದಳು ಅಂಗಡಿಯಾಕೆ. ಅವ್ವ ನನ್ನನ್ನು ಮೊಣಕೈಯಲ್ಲಿ ತಿವಿದಳು. “ಆಕಿ ಭಾಷಿದಾಗ ಕೇಳು ಲೇ, ಕಡಿಮಿ ಮಾಡ್ತಾಳ.”

ಅದು ಆಕೆಯ ಭಾಷೆಯಲ್ಲ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ಸುತ್ತ ನಾಲ್ಕು ಜನ ನಿಂತಿದ್ದರು, ಕಲಿತ ಬಾಯಿ ಸುಮ್ಮನಿರಲಿಲ್ಲ. ಚೀನೀ ಭಾಷೆಯಲ್ಲಿ ಭಾಳ ಸೊಗಸಾಗಿ ರೇಟು ಕೇಳಿಯೇಬಿಟ್ಟೆ.

ಆಕೆ ಮಡಚುತ್ತಿದ್ದ ಸ್ವೆಟರನ್ನು ಅರ್ಧಕ್ಕೇ ಬಿಟ್ಟಳು. ಆಮೇಲೆ ನನಗಷ್ಟೇ ಕೇಳುವಂತೆ, “ನಾ ಇಲ್ಲೇ ಮುಂಡಗೋಡದ ಟಿಬೆಟ್ ಕ್ಯಾಂಪಿನಾಗ ಹುಟ್ಟಿದಾಕಿ ರೀ. ನಮ್ಮಜ್ಜಿ ಈ ಮಾತಿಗೆ ಹೆದರಿ ಊರು ಬಿಟ್ಟು ಓಡಿ ಬಂದಾಕಿ. ಕನ್ನಡದಾಗ ಕೇಳ್ರಿ,” ಅಂದಳು.

ಹೇಳಿದ ರೇಟಿಗೇ ಎರಡು ಸ್ವೆಟರ್ ತಗೊಂಡೆ. ಹೊಸಪೇಟೆಯ ಚಳಿಗೆ ಒಂದೂ ಬೇಕಾಗಿರಲಿಲ್ಲ.

ಆಟೋದಲ್ಲಿ ಅವ್ವ ಕೇಳಿದಳು, “ಆಕಿ ಮಾರಿ ಯಾಕ ಹಂಗಾತು? ಬೈದಿಯೇನಲೇ?”

ರೇಟು ಕೇಳಿದೆ ಅಷ್ಟೇ ಅಂದೆ. ಅವ್ವ ಇವತ್ತಿಗೂ ನಂಬಿಲ್ಲ.