ಮುರಾಮಾತ್ಸು ಕಿಂಗೊನ ಹತ್ತು ಬೆರಳು

ಮುರಾಮಾತ್ಸು ಕಿಂಗೊ ಬಿಸಿನೀರಿನ ತೊಟ್ಟಿಗೆ ಇಳಿದ ಮೇಲೆ ಮೊದಲು ಮಾಡುತ್ತಿದ್ದ ಕೆಲಸವೆಂದರೆ ಬೆರಳು ಎಣಿಸಿಕೊಳ್ಳುವುದು. ಹೆಬ್ಬೆರಳನ್ನು ಉಳಿದ ನಾಲ್ಕಕ್ಕೂ ಒಂದೊಂದಾಗಿ ಮುಟ್ಟಿಸುತ್ತಿದ್ದ, ಮೊದಲು ಬಲಗೈ, ಆಮೇಲೆ ಎಡಗೈ. ಜಪಾನಿನ ಯಾಇಜು ಬಂದರಿನ ಸ್ನಾನದ ಮನೆಗೆ ಬರುತ್ತಿದ್ದ ಗಂಡಸರೆಲ್ಲ ಅದನ್ನು ನೋಡಿದವರೇ. ಮೀನು ಕೊಯ್ಯುವ ಹಳಬರಲ್ಲಿ ಒಂದಲ್ಲ ಒಂದು ಬೆರಳು ಮೊಟಕಾದವರು ಅದೇ ತೊಟ್ಟಿಯಲ್ಲಿ ಕೂತಿರುತ್ತಿದ್ದರು. ಕಿಂಗೊಗೆ ಮಾತ್ರ ಈ ಕೆಲಸಕ್ಕಿಳಿದು ಮೂವತ್ತೈದು ವರ್ಷವಾದರೂ ಹತ್ತಕ್ಕೆ ಹತ್ತು ಉಳಿದಿದ್ದವು. ಅದರ ಜಂಬ ಅವನಿಗೆ ಚೆನ್ನಾಗಿಯೇ ಇತ್ತು. ಇರಲಿ ಬಿಡಿ, ಇಟ್ಟುಕೊಳ್ಳುವಂಥ ಜಂಬವೇ.

ಅವನು ಕೊಯ್ಯುತ್ತಿದ್ದದ್ದು ಹೆಪ್ಪುಗಟ್ಟಿದ ಟ್ಯೂನಾ ಮೀನು. ದೂರದ ಕಡಲಿನಿಂದ ಬರುವಾಗಲೇ ಅದು ಕಲ್ಲಾಗಿರುತ್ತದೆ. ಚಾಕು ತಾಗಿಸಿದರೆ ಚಾಕುವೇ ಮುರಿದೀತು. ಅದಕ್ಕೆ ಆಳೆತ್ತರದ ಬ್ಯಾಂಡ್ ಸಾ ಯಂತ್ರವೇ ಬೇಕು. ಮೇಲೊಂದು ಚಕ್ರ, ಕೆಳಗೊಂದು ಚಕ್ರ, ಅವೆರಡರ ಸುತ್ತ ಪಟ್ಟಿಯ ಹಾಗೆ ಓಡುವ ಗರಗಸದ ಅಲಗು. ಮೀನನ್ನು ಜಾರುಮೇಜಿನ ಮೇಲಿಟ್ಟು ತಳ್ಳಿದರೆ ಮೊದಲು ತಲೆ, ಆಮೇಲೆ ಬಾಲ, ಕೊನೆಗೆ ಉದ್ದುದ್ದಕ್ಕೆ ನಾಲ್ಕು ಸೀಳು. ತಿಳಿಗುಲಾಬಿ ಪುಡಿ ಹಿಮದಂತೆ ಕಾಲ ಬಳಿ ಬೀಳುತ್ತದೆ. ಆ ಅಲಗಿಗೆ ಮೀನೂ ಒಂದೇ, ಮನುಷ್ಯನೂ ಒಂದೇ.

ಹಾಗಾಗಿ ಕಿಂಗೊನ ಕಟ್ಟುಪಾಡುಗಳು ಬಿಗಿಯಾಗಿದ್ದವು. ಅಲಗಿಗೆ ಮರೆಯಾಗಿರುವ ಗಾರ್ಡ್ ತಗಡನ್ನು ಮೀನಿನ ಬೆನ್ನಿಗಿಂತ ಒಂದು ಬೆರಳಿನಷ್ಟೇ ಮೇಲಕ್ಕೆ ಇಡಬೇಕು. ಕೈ ಅಲಗಿನ ನೇರಕ್ಕೆ ಎಂದೂ ಬರಕೂಡದು, ಕೊನೆಯ ತುಂಡನ್ನು ಮರದ ಕೋಲಿನಿಂದಲೇ ತಳ್ಳಬೇಕು. ಸಿಕ್ಕಿಕೊಂಡ ಮೀನನ್ನು ಹಿಂದಕ್ಕೆ ಎಳೆಯಬಾರದು. ಸ್ವಿಚ್ ಆರಿಸಿದ ಮೇಲೂ ಚಕ್ರ ಸುಮಾರು ಹೊತ್ತು ಸುತ್ತುತ್ತಲೇ ಇರುತ್ತದೆ, ಅದು ಪೂರ್ತಿ ನಿಲ್ಲುವತನಕ ಚೂರುಪಾರು ಬಳಿಯಲು ಹೋಗಬಾರದು. ಗಂಟೆಗೆ ಮೂರು ಸಲ ಉಗುರುಬೆಚ್ಚಗಿನ ನೀರಿನ ಬಕೀಟಿನಲ್ಲಿ ಕೈ ಅದ್ದಿ, ಹೆಬ್ಬೆರಳಿನಿಂದ ನಾಲ್ಕೂ ಬೆರಳು ಮುಟ್ಟಿ ನೋಡಿಕೊಳ್ಳಬೇಕು. ಮುಟ್ಟಿದ್ದು ತಿಳಿಯದಿದ್ದರೆ ಗರಗಸದ ಹತ್ತಿರ ಸುಳಿಯುವ ಹಾಗಿಲ್ಲ. ಸ್ನಾನದ ಮನೆಯ ಎಣಿಕೆ ಅವನಿಗೆ ಅಂಟಿಕೊಂಡದ್ದು ಹೀಗೆ.

ಇವೆಲ್ಲಕ್ಕಿಂತ ದೊಡ್ಡ ಕಟ್ಟುಪಾಡು ಇನ್ನೊಂದಿತ್ತು. ಗರಗಸದ ಸುತ್ತ ನೆಲದ ಮೇಲೆ ಅವನೇ ಕೈಯಾರೆ ಬಳಿದ ಕೆಂಪು ಗೆರೆ. ಅಲಗು ಓಡುವಾಗ ಆ ಗೆರೆ ದಾಟಬಾರದು, ಗೆರೆಯ ಆಚೆಯಿಂದ ಕೂಗಲೂಬಾರದು. ಒಳಗಿರುವವನು ಕಣ್ಣೆತ್ತಬಾರದು.

"ಯಜಮಾನ್ರು ಬರ್ಲಿ, ಹೆತ್ತ ತಾಯಿ ಬರ್ಲಿ, ದೇವರೇ ಇಳಿದು ಬರ್ಲಿ. ನೀನು ನೋಡ್ಬೇಕಾದ್ದು ಅಲಗು ಒಂದೇ," ಎನ್ನುತ್ತಿದ್ದ.

ಕುವಾಬಾರಾ ನೊರಿಹಿಕೊ ಮೀನು ಕೊಯ್ಯುವ ಆ ಕೊಯ್ಲುಮನೆಗೆ ಬಂದಾಗ ಅವನಿಗೆ ನಲವತ್ತೇಳು. ಅಲ್ಲಿಯವರೆಗೆ ಶಿಜುಓಕಾ ನಗರದ ಒಂದು ದೊಡ್ಡ ಅಂಗಡಿಯಲ್ಲಿ ಉಡುಗೊರೆ ಕಟ್ಟಿಕೊಡುವ ಕೆಲಸದಲ್ಲಿದ್ದ. ಇಪ್ಪತ್ನಾಲ್ಕು ವರ್ಷ ಬಣ್ಣದ ಕಾಗದ ಮಡಿಸಿದ್ದ, ಗಿರಾಕಿ ಬಂದಾಗ ಒಮ್ಮೆ, ಹೋಗುವಾಗ ಒಮ್ಮೆ ಸೊಂಟ ಬಗ್ಗಿಸಿ ವಂದಿಸಿದ್ದ. ಅಂಗಡಿ ಮುಚ್ಚಿತು. ಬಗ್ಗುವುದು ಮಾತ್ರ ಸೊಂಟವನ್ನು ಬಿಟ್ಟು ಹೋಗಲಿಲ್ಲ. ಫೋನಿನಲ್ಲಿ ಮಾತಾಡುತ್ತಾ ಗೋಡೆಗೆ ಬಗ್ಗುತ್ತಿದ್ದ. ಶೀತಗೃಹದ ಬಾಗಿಲು ತಾನಾಗಿ ತೆರೆದುಕೊಂಡರೆ ಅದಕ್ಕೂ ಬಗ್ಗುತ್ತಿದ್ದ.

"ಕುವಾಬಾರಾ ಸಾನ್, ಆ ಮೀನಿಗೂ ಒಂದು ಸಲ ಬಗ್ಗಿಬಿಡಿ. ಪಾಪ, ಅಷ್ಟು ದೂರದಿಂದ ನಿಮ್ಮನ್ನ ನೋಡೋಕೇ ಬಂದಿದೆ," ಎಂದು ಪ್ಯಾಕಿಂಗ್ ಮೇಜಿನಿಂದ ತೊಕಿ ಚುಡಾಯಿಸುತ್ತಿದ್ದಳು. ಅವಳು ಅಲ್ಲಿಯ ಹಳೆಯ ಹೆಂಗಸು, ಯಾರ ಹಂಗೂ ಇಲ್ಲದ ಬಾಯಿ. ಕುವಾಬಾರಾ ನಕ್ಕು ಅವಳಿಗೂ ಬಗ್ಗುತ್ತಿದ್ದ.

ಮೊದಲು ಪ್ಯಾಕಿಂಗ್ ಮೇಜಿನಲ್ಲಿದ್ದ ಅವನನ್ನು ಗರಗಸಕ್ಕೆ ಆರಿಸಿದವನು ಕಿಂಗೊನೇ. ಒಂದು ದಿನ ಟೀ ಹೊತ್ತಿನಲ್ಲಿ ಕುವಾಬಾರಾ ಸುಮ್ಮನೆ ಕೂರಲಾರದೆ ಹಳೇ ಪೇಪರಿನಲ್ಲಿ ಸಕ್ಕರೆ ಡಬ್ಬಿಯನ್ನು ಸುತ್ತಿಟ್ಟಿದ್ದ. ಒಂದು ಮಡಿಕೆಯೂ ಕೂದಲೆಳೆಯಷ್ಟು ಆಚೀಚೆ ಇರಲಿಲ್ಲ. ಕಿಂಗೊ ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿದ.

"ಈ ಕೈಗೆ ಟೇಪು ಅಂಟ್ಸೋ ಕೆಲಸವೇನಯ್ಯಾ? ನಾಳೆಯಿಂದ ನನ್ನ ಹತ್ರ ಬಾ."

ಮೂರು ತಿಂಗಳು ಕಲಿಸಿದ. ಕಲಿಸುವುದರಲ್ಲಿ ಕಿಂಗೊನನ್ನು ಮೀರಿಸುವವರಿರಲಿಲ್ಲ, ಈ ಮಾತು ಅವನನ್ನು ಕಂಡರಾಗದವರೂ ಒಪ್ಪುತ್ತಾರೆ. ಮೊದಲ ತಿಂಗಳು ಅಲಗು ಓಡಿಸಲೇ ಬಿಡಲಿಲ್ಲ. ನಿಂತ ಅಲಗಿನ ಮುಂದೆ ಮರದ ದಿಮ್ಮಿ ತಳ್ಳಿಸಿದ, ಪಾದ ಎಲ್ಲಿಡಬೇಕೆಂದು ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಟ್ಟ. ಹತ್ತಿಯ ಕೈಗವಸು ಹಾಕಿಕೊಂಡು ಬಂದ ದಿನ ಅದನ್ನು ಕಿತ್ತು ಬುಟ್ಟಿಗೆ ಎಸೆದ.

"ಇದರ ಒಂದು ಎಳೆ ಹಲ್ಲಿಗೆ ಸಿಕ್ಕಿದ್ರೆ ಸಾಕು, ಕೈಯನ್ನೂ ಜೊತೆಗೆ ಕರ್ಕೊಂಡು ಹೋಗತ್ತೆ. ಕೈಗೆ ಅಂಟಿಕೊಳ್ಳೋ ರಬ್ಬರಿಂದು ಹಾಕ್ಕೋ. ಚಳಿಯಾದ್ರೆ ಬಕೀಟು ಇದೆ."

ಕುವಾಬಾರಾ ಎಲ್ಲವನ್ನೂ ಪುಸ್ತಕದಲ್ಲಿ ಬರೆದುಕೊಂಡ, ಮನೆಯಲ್ಲಿ ಊಟದ ಮೇಜಿನ ಮೇಲೆ ಮೂಲಂಗಿ ತಳ್ಳಿ ಅಭ್ಯಾಸ ಮಾಡಿದ. ಆರು ತಿಂಗಳು ಕಳೆಯುವಷ್ಟರಲ್ಲಿ ಅವನ ಸೀಳು ಕಿಂಗೊನ ಸೀಳಿಗಿಂತ ನೇರವಾಗಿತ್ತು. ಕಿಂಗೊಗೆ ಹೊಟ್ಟೆಕಿಚ್ಚಾಗಲಿಲ್ಲ. ಸ್ನಾನದ ಮನೆಯಲ್ಲಿ ಸಿಕ್ಕಿದವರಿಗೆಲ್ಲ "ನನ್ನ ಕೈಕೆಳಗೆ ತಯಾರಾದವನು" ಎಂದು ಹೇಳಿಕೊಂಡು ಓಡಾಡಿದ.

ಆದರೆ ಕಿಂಗೊನಲ್ಲಿ ಒಂದು ಹುಳುಕಿತ್ತು. ಯಾರು ತನಗೆ ಎಷ್ಟು ಬಗ್ಗಿದರು ಎಂಬುದನ್ನು ಅವನು ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಿದ್ದ. ಬೆಳಿಗ್ಗೆ ಯಾರಾದರೂ ಮಾತಾಡಿಸದೆ ಹಾದುಹೋದರೆ ಮಧ್ಯಾಹ್ನದ ಊಟ ಅವನಿಗೆ ರುಚಿಸುತ್ತಿರಲಿಲ್ಲ. ಅಷ್ಟು ದೊಡ್ಡ ಕೆಲಸಗಾರನಿಗೆ ಇಷ್ಟು ಸಣ್ಣ ಬುದ್ಧಿ ಯಾಕಿತ್ತೋ. ಈಗ ಕೇಳಿ ಏನೂ ಉಪಯೋಗವಿಲ್ಲ.

ಡಿಸೆಂಬರ್ ಬಂತು. ಹೊಸ ವರ್ಷಕ್ಕೆ ಎಲ್ಲರ ಮನೆಯಲ್ಲೂ ಟ್ಯೂನಾ ಬೇಕು, ಕೊಯ್ಲುಮನೆಯಲ್ಲಿ ಉಸಿರಾಡಲು ಪುರುಸೊತ್ತಿಲ್ಲ. ಅಂಥ ಹೊತ್ತಿನಲ್ಲೇ ಕಿಂಗೊನ ಅಣ್ಣ ತೀರಿಕೊಂಡ. ಮೂರು ದಿನ ರಜೆ ಹಾಕಿ ಎಲ್ಲ ಮುಗಿಸಿ, ನಾಲ್ಕನೆಯ ದಿನ, ತನ್ನ ಕೆಲಸ ಹೊತ್ತವರಿಗೆಂದು ಅಲ್ಲಿಯ ರೂಢಿಯಂತೆ ಮಿಠಾಯಿ ಪೆಟ್ಟಿಗೆ ಹಿಡಿದು ಬಂದ. ತೊಕಿ ಕೈ ಒರೆಸಿಕೊಂಡು ಎದುರು ಬಂದಳು, ಯಜಮಾನರು ಆಫೀಸಿನಿಂದ ಇಳಿದು ಬಂದರು, ಎಲ್ಲರೂ ಬಗ್ಗಿ ಎರಡು ಮಾತಾಡಿದರು. ಕುವಾಬಾರಾ ಮಾತ್ರ ಗೆರೆಯೊಳಗೆ ದೊಡ್ಡ ಮೀನೊಂದರ ನಡುಸೀಳಿನಲ್ಲಿದ್ದ. ಕಿಂಗೊ ಗೆರೆಯ ಹತ್ತಿರ ನಿಂತ. ಕುವಾಬಾರಾ ನೋಡಲಿಲ್ಲ. ಸೀಳು ಮುಗಿಯಿತು, ಅಲಗು ಓಡುತ್ತಲೇ ಇತ್ತು, ಕುವಾಬಾರಾ ತುಂಡನ್ನು ಹೊರಳಿಸಿ ಮತ್ತೆ ತಳ್ಳಿದ. ಆಗಲೂ ನೋಡಲಿಲ್ಲ.

ಅಣ್ಣನನ್ನು ಕಳಕೊಂಡ ಮನಸ್ಸು, ಮೂರು ದಿನ ನಿದ್ದೆಯಿಲ್ಲದ ಮೈ. ಕಿಂಗೊನ ಪರವಾಗಿ ಇಷ್ಟು ಹೇಳಬಹುದು, ಇದಕ್ಕಿಂತ ಹೆಚ್ಚು ಹೇಳಲಾಗದು. ಮೂರು ಗಂಟೆಯ ಟೀಗೆ ಎಲ್ಲರೂ ಕೂತಾಗ ಅವನು ಮಿಠಾಯಿ ಪೆಟ್ಟಿಗೆಯನ್ನು ಕುವಾಬಾರಾನ ಕಡೆ ತಳ್ಳಿದ.

"ತಗೊಳ್ಳಯ್ಯಾ. ನಮ್ಮಣ್ಣ ಸತ್ತಿದ್ದಾನೆ. ನಿನಗೆ ಸುದ್ದಿ ಮುಟ್ಟಿಲ್ಲ ಅಂತ ಕಾಣತ್ತೆ."

"ಮುಟ್ಟಿದೆ ಮೇಸ್ತ್ರಿ. ಬಹಳ ಬೇಜಾರಾ..."

"ಇಪ್ಪತ್ನಾಲ್ಕು ವರ್ಷ ದಾರೀಲಿ ಹೋಗೋ ಬರೋರಿಗೆಲ್ಲ ಬಗ್ಗಿದವನು ನೀನು. ಕೆಲಸ ಕಲಿಸಿದವನಿಗೆ ಬಗ್ಗೋಕೆ ಮಾತ್ರ ಕತ್ತು ಹಿಡ್ಕೊಂಡಿತ್ತಾ? ಒಂದು ಕೈ ನನಗಿಂತ ನೇರ ಕೊಯ್ದುಬಿಟ್ರೆ ಆಯ್ತಾ, ಮನುಷ್ಯನಾಗೋದು ಬೇಡ್ವಾ?"

ತೊಕಿಗೆ ತಡೆಯಲಾಗಲಿಲ್ಲ.

"ಅಲಗು ಓಡ್ತಿತ್ತು ಕಣ್ರೀ ಕಿಂಗೊ ಸಾನ್."

"ಓಡ್ತಿತ್ತೋ ನಿಂತಿತ್ತೋ, ನೀನು ನನಗೆ ಹೇಳಿಕೊಡ್ತೀಯಾ?"

ನಿಮ್ಮದೇ ಕಟ್ಟುಪಾಡಲ್ಲವೇ ಎಂದು ಕುವಾಬಾರಾ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಮುಖ ಬಿಳಿಚಿಕೊಂಡು, ಚಾಪೆಯ ಮೇಲೆ ಎರಡೂ ಅಂಗೈ ಊರಿ, ಹಣೆ ನೆಲಕ್ಕೆ ತಾಗುವಂತೆ ಬಗ್ಗಿ ತಪ್ಪಾಯಿತೆಂದ. ಬೆರಳುಗಳೆಲ್ಲ ನೀಟಾಗಿ ಒಂದಕ್ಕೊಂದು ಸೇರಿಕೊಂಡಿದ್ದವು. ಆ ಕೈಗಳನ್ನು ಕಿಂಗೊ ಸರಿಯಾಗಿ ನೋಡಿದ, ಅದಕ್ಕೇ ಅವನಿಗೆ ಅವು ಇವತ್ತಿಗೂ ನೆನಪಿವೆ.

ಅದಾಗಿ ನಾಲ್ಕನೆಯ ದಿನ ಬೆಳಿಗ್ಗೆ ಹತ್ತರ ಸುಮಾರಿಗೆ ಕಿಂಗೊ ಶೀತಗೃಹದಿಂದ ಹೊರಬಂದ. ಗರಗಸ ಓಡುತ್ತಿತ್ತು. ಬೇರೆ ದಿನವಾಗಿದ್ದರೆ ಗೆರೆಯ ಹೊರಗಿನಿಂದಲೇ ಸುತ್ತು ಹಾಕಿ ಹೋಗಿಬಿಡುತ್ತಿದ್ದ. ಅಂದು ನಿಂತ. ಕೂಗಲಿಲ್ಲ, ಕೆಮ್ಮಲಿಲ್ಲ, ಗೆರೆ ದಾಟಲಿಲ್ಲ. ಕುವಾಬಾರಾನ ಕಣ್ಣಂಚಿಗೆ ತನ್ನ ಬಿಳಿ ಬೂಟು ಬೀಳುವ ಜಾಗದಲ್ಲಿ ಸುಮ್ಮನೆ ನಿಂತ. ಈಗ ಬಗ್ಗುತ್ತಾನೋ ಇಲ್ಲವೋ, ನೋಡೋಣ ಎಂದು ನಿಂತ.

ಕುವಾಬಾರಾ ಬಗ್ಗಿದ. ಕಣ್ಣು ಅಲಗಿನಿಂದ ಎದ್ದಿತು, ತಲೆ ಬಾಗಿತು, ಇಪ್ಪತ್ನಾಲ್ಕು ವರ್ಷದ ಅಭ್ಯಾಸದಲ್ಲಿ ಭುಜವೂ ಅದರ ಹಿಂದೆ ಇಳಿಯಿತು, ಭುಜದ ಹಿಂದೆ ಬಲಗೈ. ಅದನ್ನು ನೋಡಿ ಕಿಂಗೊಗೆ ಖುಷಿಯಾಯಿತು. ರೆಪ್ಪೆ ಬಡಿಯುವಷ್ಟು ಹೊತ್ತು, ಆದರೆ ಖುಷಿಯೇ. ಆಮೇಲೆ ಅಲಗಿನ ಸದ್ದು ಬದಲಾಯಿತು.

ಕುವಾಬಾರಾ ಕಿರುಚಲಿಲ್ಲ. ಚಳಿಗೆ ಕೈ ಮರಗಟ್ಟಿತ್ತು, ಏನಾಯಿತೆಂದು ತಿಳಿಯಲು ಅವನಿಗೇ ಹೊತ್ತು ಹಿಡಿಯಿತು. ಕೈಯನ್ನು ನೋಡಿಕೊಂಡ, ಮೀನನ್ನು ನೋಡಿದ. "ಕ್ಷಮಿಸಿ ಮೇಸ್ತ್ರಿ, ಮೀನು ಹಾಳಾಯ್ತು," ಎಂದ. ಕಿಂಗೊ ಸ್ವಿಚ್ ಒತ್ತಿ, ಕುತ್ತಿಗೆಯ ಟವೆಲಿನಿಂದ ಕೈ ಬಿಗಿದು ಕಟ್ಟಿ, ತೋಳನ್ನು ಮೇಲಕ್ಕೆ ಹಿಡಿದು ನಿಂತ. ಅವರಿಬ್ಬರ ಹಿಂದೆ ಚಕ್ರ ಇನ್ನೂ ಸುತ್ತುತ್ತಲೇ ಇತ್ತು. ತೋರುಬೆರಳು, ನಡುಬೆರಳು ಎರಡೂ ಹೋಗಿದ್ದವು. ಡಾಕ್ಟರಿಗೆ ಕೂಡಿಸಲಾಗಲಿಲ್ಲ.

ವಿಚಾರಿಸಲು ಅಧಿಕಾರಿಯೊಬ್ಬ ಬಂದ. ಗಾರ್ಡು ಸರಿಯಿತ್ತು, ಕೈಗವಸು ಸರಿಯಿತ್ತು, ಕೋಲು ಕೈಗೆಟಕುವಲ್ಲೇ ಇತ್ತು. ಮತ್ತೆ ಹೇಗಾಯಿತು?

"ನನ್ನದೇ ಅಜಾಗರೂಕತೆ. ಕಣ್ಣು ಬೇರೆ ಕಡೆ ಹೋಯ್ತು," ಎಂದ ಕುವಾಬಾರಾ.

ಅಧಿಕಾರಿ ಕಿಂಗೊನ ಕಡೆ ತಿರುಗಿದ. ಕಿಂಗೊ "ಹೂಂ" ಎಂದ. ಅಷ್ಟೇ ಎಂದದ್ದು.

ಕುವಾಬಾರಾ ಕೈಯ ಗಾಯ ಮಾಯ್ದ ಮೇಲೆ ಪ್ಯಾಕಿಂಗ್ ಮೇಜಿಗೆ ಬಂದ. ಎಡಗೈಯಲ್ಲಿ ಟೇಪು ಹಿಡಿಯಲು ಕಲಿತ. ಟೀ ಹೊತ್ತಿನಲ್ಲಿ ಅವನ ಮುಂದೆ ಹಳೇ ಪೇಪರು ಬಿದ್ದಿರುತ್ತಿತ್ತು, ಅವನು ಅದನ್ನು ಮುಟ್ಟುತ್ತಿರಲಿಲ್ಲ. ಕಿಂಗೊ ದಿನಾ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಆ ಮೇಜಿನ ಹತ್ತಿರ ಹೋಗಿ, ತನಗಿಂತ ಕಿರಿಯನಾದ ಅವನಿಗೆ ಆಳವಾಗಿ ಬಗ್ಗುತ್ತಿದ್ದ. ಕುವಾಬಾರಾನೂ ಬಗ್ಗುತ್ತಿದ್ದ.

"ಏನಿದು, ಬೀಗರ ಥರಾ? ಮೀನು ಕರಗಿಹೋಗತ್ತೆ, ಏಳ್ರಪ್ಪಾ," ಎನ್ನುತ್ತಿದ್ದಳು ತೊಕಿ.

ಬಗ್ಗುವುದು ಸುಲಭ. ಬಾಯಿ ಬಿಡುವುದು ಕಷ್ಟ. ನಾಳೆ ಹೇಳೋಣ, ಹಬ್ಬ ಕಳೆಯಲಿ, ಅವನ ಮಗಳ ಮದುವೆ ಮುಗಿಯಲಿ ಎನ್ನುತ್ತಾ ಕಿಂಗೊ ಏಳು ವರ್ಷ ತಳ್ಳಿದ.

ಅರವತ್ತೈದಕ್ಕೆ ನಿವೃತ್ತಿ. ಬೀಳ್ಕೊಡುಗೆ ಅದೇ ಟೀ ಕೋಣೆಯಲ್ಲಿ, ಮಧ್ಯಾಹ್ನ. ಕಪ್ಪು ಮೀನುವಡೆ, ಸಾಕೆ ಎಂಬ ಅಕ್ಕಿಯ ಮದ್ಯ, ಹೂವಿನ ಗೊಂಚಲು. ಯಜಮಾನರು ಎದ್ದು ನಿಂತು, "ನಲವತ್ತೆರಡು ವರ್ಷ, ಹತ್ತು ಬೆರಳು! ತೋರಿಸಿ ಮುರಾಮಾತ್ಸು ಸಾನ್, ಎಲ್ಲರಿಗೂ ತೋರಿಸಿ!" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಕುವಾಬಾರಾನೂ ತಟ್ಟಿದ. ಅವನ ಚಪ್ಪಾಳೆಯ ಸದ್ದೇ ಬೇರೆ.

ಕಿಂಗೊ ಕೈ ತೋರಿಸಲಿಲ್ಲ. ಚಾಪೆಯ ಮೇಲೆ ಮಂಡಿಯೂರಿ ಕುವಾಬಾರಾನ ಕಡೆ ತಿರುಗಿದ.

"ಅವತ್ತು ಇವನ ಕಣ್ಣು ಬೇರೆ ಕಡೆ ಹೋಗ್ಲಿಲ್ಲ. ನಾನು ಎಳೆದೆ. ಬೈದು ಹೆದರಿಸಿದ್ದೆ. ಬಗ್ತಾನೋ ಇಲ್ವೋ ನೋಡೋಣ ಅಂತ ಬೇಕಂತ್ಲೇ ನಿಂತಿದ್ದೆ. ಅಧಿಕಾರಿ ಕೇಳಿದಾಗ ಬಾಯಿ ಮುಚ್ಕೊಂಡೆ," ಎಂದವನೇ ಹಣೆಯನ್ನು ನೆಲಕ್ಕೆ ಹಚ್ಚಿದ.

ಈ ಸಲ ಕುವಾಬಾರಾ ತಿರುಗಿ ಬಗ್ಗಲಿಲ್ಲ.

"ಗೊತ್ತಿತ್ತು ಮೇಸ್ತ್ರಿ. ನೀವು ಯಾಕೆ ನಿಂತ್ರಿ ಅಂತ ಅವತ್ತೇ ಗೊತ್ತಿತ್ತು," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಕಿಂಗೊಗೆ ಎಷ್ಟೋ ಹಗುರಾಗುತ್ತಿತ್ತು. "ನಾನು ಹೇಳ್ಬೇಕಾದ್ದೂ ಒಂದಿದೆ. ನಿಮ್ಮಣ್ಣ ತೀರಿಕೊಂಡು ನೀವು ವಾಪಸ್ ಬಂದ ದಿನ, ನೀವು ಬಂದಿದ್ದು ನನಗೆ ಕಂಡಿತ್ತು. ಮೊದಲು ಬೂಟು ಕಾಣಿಸ್ತು. ಎದ್ದು ಬಂದು ನಿಮ್ಮ ಕೈ ಹಿಡ್ಕೊಳ್ಳೋಣ ಅನ್ನಿಸ್ತು. ಆದ್ರೂ ಕಣ್ಣೆತ್ತಲಿಲ್ಲ. ಬಗ್ಗದೆ ಇದ್ದಿದ್ದು ನನ್ನ ಜೀವನದಲ್ಲೇ ಅದು ಮೊದಲನೇ ಸಲ. ಪಾಠ ಕಲಿತೆ, ಮೇಸ್ತ್ರಿ ನೋಡಿ ಖುಷಿ ಪಡ್ತಾರೆ ಅಂದ್ಕೊಂಡಿದ್ದೆ."

ಕಿಂಗೊ ತಲೆ ಎತ್ತಲಿಲ್ಲ, ತೊಕಿ ಹೋಗಿ ಅವನ ಭುಜ ಹಿಡಿದು ಎಬ್ಬಿಸಿ ಕೂರಿಸಬೇಕಾಯಿತು. ಆರಿದ ಟೀ ಚೆಲ್ಲಿ ಹೊಸದು ಹಾಕಿಕೊಟ್ಟಳು. ಅವನು ಕುಡಿಯಲಿಲ್ಲ.

ಈಗಲೂ ಅವನು ಸಂಜೆ ಸ್ನಾನದ ಮನೆಗೆ ಬರುತ್ತಾನೆ. ಎರಡೂ ಕೈಗಳನ್ನು ನೀರಿನ ಕೆಳಗೇ ಇಟ್ಟುಕೊಂಡು ಕೂರುತ್ತಾನೆ.